ಕೊರಳಿನ ಕಾರ್ಡು

ಕಳೆದ ತಿಂಗಳು ಒಂದು ಭಾನುವಾರ, ಬೆಳಗಿನ ಕಾಫಿ ಮುಗಿಸಿ ಊಟದ ಮೇಜು ಒರೆಸಲು ಹೋದಾಗ ಅದರ ಮೇಲೆ ಒಂದು ಕೊರಳಪಟ್ಟಿ ಬಿದ್ದಿತ್ತು. ರಟ್ಟಿಗೆ ಕಪ್ಪು ಬಣ್ಣ ಬಳಿದು ದುಂಡಗೆ ಬಗ್ಗಿಸಿದ್ದರು. ಅದಕ್ಕೆ ಹಾಲಿನಪುಡಿ ಡಬ್ಬಿಯ ಮುಚ್ಚಳ ಕಟ್ಟಿದ್ದರು, ಮುಚ್ಚಳದ ಮೇಲೆ ಮೊಳೆಯಿಂದ ಕೊರೆದ ಅಕ್ಷರಗಳು. ಪಕ್ಕದ ಮನೆಯ ನಾಯಿಯದಿರಬೇಕೆಂದು ಎತ್ತಿಕೊಂಡೆ.

"ಅಜ್ಜೀ, ಡೋಂಟ್ ಟಚ್! ಗ್ಲೂ ಇನ್ನೂ ವೆಟ್ ಇದೆ," ಎಂದು ಮೊಮ್ಮಗಳು ಮೆಟ್ಟಿಲಿನಿಂದಲೇ ಕೂಗಿದಳು.

"ಊಟದ ಮೇಜಿನ ಮೇಲೆ ನಾಯಿ ಪಟ್ಟಿ ಇಡ್ತಾರೇನೇ?"

"ನಾಯೀದಲ್ಲ ಅಜ್ಜಿ. ಇಟ್ಸ್ ಫಾರ್ ಎ ಪರ್ಸನ್."

ಅವಳು ಎಂಟನೆಯ ತರಗತಿ. ಶಾಲೆಯಲ್ಲಿ ಲ್ಯಾಟಿನ್ ತೆಗೆದುಕೊಂಡಿದ್ದಾಳೆ. ಪ್ರಾಚೀನ ರೋಮಿನ ಗುಲಾಮರ ಬಗ್ಗೆ ಒಂದು ಪ್ರಾಜೆಕ್ಟ್ ಮಾಡಬೇಕಿತ್ತಂತೆ. ಗುಲಾಮರು ಓಡಿಹೋಗದಂತೆ ಮೊದಲು ಹಣೆಗೆ ಬರೆ ಹಾಕುತ್ತಿದ್ದರಂತೆ. ಮುಖಕ್ಕೆ ಬರೆ ಹಾಕಕೂಡದೆಂದು ಒಬ್ಬ ಚಕ್ರವರ್ತಿ ಕಾನೂನು ಮಾಡಿದ ಮೇಲೆ ಕಬ್ಬಿಣದ ಕೊರಳಪಟ್ಟಿ, ಅದಕ್ಕೊಂದು ಕಂಚಿನ ಬಿಲ್ಲೆ. "ಸೋ, ಇದು ನೈಸರ್ ಆಪ್ಶನ್ ಅಂತ ಅವ್ರು ಅಂದ್ಕೊಂಡಿದ್ರು," ಎಂದಳು. ಬಿಲ್ಲೆಯ ಮೇಲೆ ಏನು ಬರೆದಿದ್ದೀಯೆ ಎಂದು ಕೇಳಿದೆ. ಬೆರಳಿಟ್ಟು ಓದಿ ಅರ್ಥ ಹೇಳಿದಳು. ನಾನು ಓಡಿಹೋಗಿದ್ದೇನೆ, ನನ್ನನ್ನು ಹಿಡಿದುಕೊಳ್ಳಿ, ಇಂಥ ಯಜಮಾನನಿಗೆ ಮರಳಿಸಿದರೆ ನಿಮಗೊಂದು ಚಿನ್ನದ ನಾಣ್ಯ ಸಿಗುತ್ತದೆ...

ಅಷ್ಟರಲ್ಲಿ ಮಗಳು ಅಡುಗೆಮನೆಯಿಂದ ಬಂದಳು. "ಅಮ್ಮಂಗೆ ಲೇಬಲ್ ಅಂದ್ರೆ ಪ್ರಾಣ. ಉಪ್ಪಿನಕಾಯಿ ಬಾಟಲಿಗೂ ತಾರೀಖು ಅಂಟಿಸ್ತಾಳೆ. ಆ ಕಾಲದಲ್ಲಿ ಇವಳಿದ್ದಿದ್ರೆ ರೋಮಲ್ಲಿ ಒಬ್ರೂ ತಪ್ಪಿಸ್ಕೊಂಡು ಹೋಗ್ತಿರಲಿಲ್ಲ ಬಿಡು," ಎಂದಳು.

ತಾಯಿ ಮಗಳು ಇಬ್ಬರೂ ನಕ್ಕರು. ನನಗೆ ಕೈಯಲ್ಲಿದ್ದ ಬಟ್ಟೆ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಕುರ್ಚಿ ಎಳೆದು ಕುಳಿತೆ. ಹನ್ನೆರಡು ವರ್ಷಗಳಿಂದ ಒಮ್ಮೆಯೂ ನೆನೆಸಿಕೊಳ್ಳದಿದ್ದ ಎದುರು ಮನೆಯ ಅಡುಗೆಯಾಕೆ ಕಣ್ಣೆದುರು ಬಂದು ನಿಂತಿದ್ದಳು. ಕೊರಳಲ್ಲಿ ಕಾರ್ಡು, ಕೈಯಲ್ಲಿ ಚೀಲ.

ನಾನು ಮೈಸೂರಿನ ಆಸ್ಪತ್ರೆಯೊಂದರಲ್ಲಿ ಮೂವತ್ತಾರು ವರ್ಷ ನರ್ಸ್ ಆಗಿದ್ದವಳು. ಹದಿನೆಂಟಕ್ಕೆ ನರ್ಸಿಂಗ್ ಹಾಸ್ಟೆಲ್ ಸೇರಿದೆ. ಐದಕ್ಕೆ ಗಂಟೆ, ಐದೂಕಾಲಕ್ಕೆ ಹಾಸಿಗೆ ಮಡಚಬೇಕು, ಮೂಲೆಯಲ್ಲೊಂದು ಸುಕ್ಕಿದ್ದರೆ ಮತ್ತೆ ಹಾಸಿ ಮತ್ತೆ ಮಡಚಬೇಕು. ಆಗ ಬಂದ ಶಿಸ್ತು ಇನ್ನೂ ಹೋಗಿಲ್ಲ. ಹುಟ್ಟಿದ ಮಗುವಿನ ಮಣಿಕಟ್ಟಿಗೆ ಚೀಟಿ ಕಟ್ಟಿದ್ದೇನೆ, ಸತ್ತವರ ಕಾಲ್ಬೆರಳಿಗೂ ಕಟ್ಟಿದ್ದೇನೆ. ಚೀಟಿಯಿದ್ದರೆ ಮನುಷ್ಯ ಕಳೆದುಹೋಗುವುದಿಲ್ಲ ಎಂಬುದು ನನ್ನ ನಂಬಿಕೆಯಾಗಿತ್ತು.

ನಿವೃತ್ತಿಯಾಗಿ ಅಮೆರಿಕಕ್ಕೆ, ಮಾನ್ಮತ್ ಜಂಕ್ಷನ್ ಎಂಬ ಊರಿನ ಮಗಳ ಈ ಮನೆಗೆ ಬಂದ ಮೊದಲ ವಾರವೇ ನಾನು ಬೇರೆ ಯಾರದೋ ಮನೆಯ ಬೆಲ್ ಒತ್ತಿದ್ದೆ. ಇಲ್ಲಿನ ಮನೆಗಳೆಲ್ಲ ಒಂದೇ ಅಚ್ಚು. ಅಂದೇ ಸಂಜೆ ಮಗಳು ಒಂದು ಕಾರ್ಡು ಮಾಡಿಸಿ ಕೊರಳಿಗೆ ಹಾಕಿದಳು. ನನ್ನ ಹೆಸರು, ವಿಳಾಸ, ಅವಳ ಫೋನ್ ನಂಬರು. ಆಗ ಇಲ್ಲಿಗೆ ಬರುವ ಅಪ್ಪ ಅಮ್ಮಂದಿರೆಲ್ಲ ಅಂಥ ಕಾರ್ಡು ಹಾಕಿಕೊಂಡೇ ವಾಕಿಂಗ್ ಹೊರಡುತ್ತಿದ್ದರು. ಧಾರವಾಡದ ರಾಯರೊಬ್ಬರು ನಮ್ಮನ್ನು ನೋಡಿದಾಗಲೆಲ್ಲ, "ಏನ್ರಿ, ಆಫೀಸಿಗೆ ಹೊಂಟ್ರಿ?" ಎಂದು ತಮಾಷೆ ಮಾಡುತ್ತಿದ್ದರು.

ಎದುರು ಮನೆಯಲ್ಲಿ ಬೆಂಗಳೂರಿನ ಗಂಡ ಹೆಂಡತಿ, ಇಬ್ಬರು ಸಣ್ಣ ಮಕ್ಕಳು. ಅಡುಗೆಗೆ, ಮಕ್ಕಳನ್ನು ನೋಡಿಕೊಳ್ಳಲು ಹಾವೇರಿ ಕಡೆಯಿಂದ ಒಬ್ಬ ಹೆಂಗಸನ್ನು ಕರೆತಂದಿದ್ದರು. ಐವತ್ತರ ಆಸುಪಾಸು. ಬೆಳಿಗ್ಗೆ ಮಕ್ಕಳನ್ನು ಸ್ಕೂಲ್ ಬಸ್ಸಿಗೆ ಹತ್ತಿಸಿ ಒಳಗೆ ಹೋದರೆ ಮತ್ತೆ ಮೂರೂವರೆಗೇ ಬಾಗಿಲು ತೆರೆಯುತ್ತಿತ್ತು. ಅವಳ ಕೊರಳಲ್ಲೂ ಕಾರ್ಡಿತ್ತು. ಮನೆಯವರಿಗೆ ಎಷ್ಟು ಕಾಳಜಿ, ಎಂಥ ಅಚ್ಚುಕಟ್ಟು ಎಂದು ನಾನು ಮಗಳ ಮುಂದೆ ಹೊಗಳಿದ್ದೆ.

ಅದು ನವೆಂಬರ್ ತಿಂಗಳು. ನನ್ನ ವಾಕಿಂಗ್ ಸರಿಯಾಗಿ ಹತ್ತೂವರೆಗೆ. ಅಂದು ಲೈಬ್ರರಿಗೆ ಹೋಗಿ ಹನ್ನೊಂದೂವರೆಗೆ ಹಿಂತಿರುಗುತ್ತಿದ್ದೆ. ದೊಡ್ಡ ರಸ್ತೆಯ ಬಸ್ ಸ್ಟಾಪಿನ ಕಂಬದ ಬಳಿ ಅವಳು ನಿಂತಿದ್ದಳು. ಮೈಮೇಲೆ ಎರಡು ಸ್ವೆಟರ್. ಚಳಿಗೆ ಬುದ್ಧಿವಂತಿಕೆಯಿಂದ ಹಾಕಿಕೊಂಡಿದ್ದಾಳೆ ಎಂದುಕೊಂಡೆ. ಕೈಯಲ್ಲಿ ಅಂಗಡಿಯ ಚೀಲ. ಹೊಸ ರೋಗಿ ಬಂದರೆ ಸಾಮಾನಿನ ಪಟ್ಟಿ ಮಾಡುವುದು ನನಗೆ ಅಭ್ಯಾಸ. ಚೀಲದಲ್ಲಿ ಏನಿತ್ತೆಂದು ಇಂದಿಗೂ ಹೇಳಬಲ್ಲೆ. ಒಂದು ಸ್ಟೀಲ್ ಡಬ್ಬಿ, ಮಡಚಿದ ಸೀರೆ, ಪೇಪರಿನಲ್ಲಿ ಸುತ್ತಿದ ದೇವರ ಫೋಟೊ. ಎಲ್ಲವನ್ನೂ ನೋಡಿದೆ... ಪಟ್ಟಿ ಸರಿಯಾಗಿತ್ತು. ಅದು ಏನು ಹೇಳುತ್ತಿದೆ ಎಂಬುದನ್ನು ಮಾತ್ರ ಓದಲಿಲ್ಲ.

"ಯಾಕಮ್ಮ ಇಲ್ಲಿ ನಿಂತಿದ್ದೀರಿ? ದಾರಿ ತಪ್ಪಿತೇ?" ಎಂದೆ.

"ಇಲ್ರಿ ಅಕ್ಕಾರ. ಈ ಬಸ್ಸು ಗುಡಿ ಕಡೆ ಹೋಗತೈತೇನ್ರಿ?"

ನಾನು ಗಡಿಯಾರ ನೋಡಿದೆ. "ಈಗ ಹನ್ನೊಂದೂಮುಕ್ಕಾಲು ಆಗ್ತಾ ಬಂತು. ನೀವು ಹೋಗೋಷ್ಟರಲ್ಲಿ ದೇವಸ್ಥಾನದ ಬಾಗಿಲು ಹಾಕಿರುತ್ತೆ. ಸಂಜೆ ನಿಮ್ಮನೆಯವ್ರೇ ಕಾರಲ್ಲಿ ಕರ್ಕೊಂಡು ಹೋಗ್ತಾರೆ, ನಡೀರಿ."

ಅವಳು ಕದಲಲಿಲ್ಲ. ಬಸ್ಸು ಬರುವ ದಿಕ್ಕನ್ನೇ ನೋಡುತ್ತ ಮೆಲ್ಲಗೆ ಹೇಳಿದಳು. "ಮಗಳು ಬಸುರಿ ಅದಾಳ್ರಿ. ಸಂಕ್ರಾಂತಿ ಹೊತ್ತಿಗೆ ಹಡೀತಾಳ. ಎರಡು ವರ್ಷಕ್ಕಂತ ಕರಕೊಂಡು ಬಂದಿದ್ರು, ನಾಕು ವರ್ಷ ಆತು. ಪಾಸ್‌ಪೋರ್ಟ್ ಅವರ ಕಡೇನ ಐತಿ. ಕೇಳಿದ್ರ ಮುಂದಿನ ವರ್ಷ ಅಂತಾರ."

ನಾನು ಏನು ಹೇಳಿದೆನೆಂದು ಬರೆಯಲು ಈಗ ಕೈ ಹಿಂಜರಿಯುತ್ತದೆ. "ನನ್ನ ಪಾಸ್‌ಪೋರ್ಟೂ ಮಗಳ ಫೈಲಲ್ಲೇ ಇದೆ. ನಮ್ಮಂಥೋರ ಕೈಲಿದ್ರೆ ಕಳೆದುಹೋಗುತ್ತೆ ಕಣಮ್ಮ. ಹೆರಿಗೆ ಬಗ್ಗೆ ಹೆದರ್ಕೋಬೇಡಿ, ಆಸ್ಪತ್ರೆಯವ್ರು ನೋಡ್ಕೋತಾರೆ. ನಾನೂ ಮೊದಲ ವರ್ಷ ಊರಿಗೆ ಹೋಗ್ತೀನಿ ಅಂತ ಅತ್ತಿದ್ದೆ," ಎಂದೆ.

ಅವಳು ಮೊದಲ ಸಲ ನನ್ನ ಮುಖ ನೋಡಿದಳು. "ನೀವು ಮಗಳ ಮನ್ಯಾಗ ಅದೀರಿ ಅಕ್ಕಾರ," ಎಂದಳು.

ನಾನು ಹೌದೆಂದು ತಲೆಯಾಡಿಸಿದೆ. ಅಷ್ಟೇ. ಅವಳು ಹೇಳಿದ್ದು ನನ್ನ ಮಾತಿಗೆ ಉತ್ತರವೆಂದು ನನಗೆ ಹೊಳೆಯಲಿಲ್ಲ.

ಅವಳ ಕೊರಳಿನ ಕಾರ್ಡು ತಿರುಗಿಸಿ ಅದರಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಆ ಮನೆಯಾಕೆ ಆಫೀಸಿನಿಂದ ಈಗಲೇ ಹೊರಟೆ ಎಂದಳು. ಅಡುಗೆಯಾಕೆಯ ಮೊಣಕೈ ಹಿಡಿದು ನಡೆಸಿಕೊಂಡು ಹೊರಟೆ. ನರ್ಸಿನ ಹಿಡಿತ ಅದು. ನೋವಾಗುವುದಿಲ್ಲ, ಬಿಡಿಸಿಕೊಳ್ಳಲೂ ಆಗುವುದಿಲ್ಲ. ಸ್ವಲ್ಪ ದೂರ ಹೋಗುವಷ್ಟರಲ್ಲಿ ನಮ್ಮ ಬೆನ್ನ ಹಿಂದೆ ಬಸ್ಸು ಬಂದು ನಿಂತ ಸದ್ದು ಕೇಳಿತು. ಅವಳು ನಿಂತು ತಿರುಗಿ ನೋಡಿದಳು. "ಮುಂದೆ ನೋಡ್ಕೊಂಡು ನಡೀರಿ, ಇಲ್ಲಿ ಫುಟ್‌ಪಾತಿಲ್ಲ," ಎಂದೆ. ಬಸ್ಸು ನಮ್ಮನ್ನು ದಾಟಿ ಹೋಯಿತು. ಆಮೇಲೆ ಅವಳ ಕೈ ಹಗುರಾಯಿತು, ತಾವಾಗಿಯೇ ನಡೆಯುವವರ ಕೈಯಂತೆ.

ಮನೆಯಾಕೆ ಬಾಗಿಲಲ್ಲೇ ಕಾಯುತ್ತಿದ್ದಳು. "ಅಯ್ಯೋ ಆಂಟಿ, ಯು ಸೇವ್ಡ್ ಅಸ್! ಪಾಪ, ಇವ್ರಿಗೆ ಇಲ್ಲೀದು ಏನೂ ಗೊತ್ತಾಗಲ್ಲ. ಅದಕ್ಕೇ ಕಾರ್ಡ್ ಹಾಕಿರೋದು. ನಮ್ಮನೆಯವ್ರ ಹಾಗೇ ನೋಡ್ಕೋತೀವಿ," ಎಂದಳು. ನಾನು ಅಷ್ಟಕ್ಕೇ ಬಿಡಲಿಲ್ಲ. ಕಾರ್ಡಿನ ದಾರ ಸವೆದಿದೆ, ಬದಲಾಯಿಸಿ ಎಂದು ಸೂಚನೆ ಕೊಟ್ಟು ಬಂದೆ.

ಅಂದು ಸಂಜೆ ಆರಕ್ಕೆ ಆ ಮನೆಯಿಂದ ಡಬ್ಬಿ ತುಂಬ ಶೇಂಗಾ ಹೋಳಿಗೆ ಬಂತು. ಇನ್ನೂ ಬೆಚ್ಚಗಿತ್ತು. ಬೆಲ್ಲ, ಹುರಿದ ಶೇಂಗಾದ ವಾಸನೆ ಮನೆ ತುಂಬಿತು. ಮಾಡಿದವಳು ಅವಳೇ, ಬೇರೆ ಯಾರಿಗೆ ಬರುತ್ತಿತ್ತು? ನಾನು ಎರಡು ತಿಂದೆ. ತುಪ್ಪ ಹಾಕಿಕೊಂಡು.

ಆಮೇಲೆ ಮೂರೋ ನಾಲ್ಕೋ ಸಲ ಅಡುಗೆಮನೆಯ ಕಿಟಕಿಯಲ್ಲಿ ಅವಳನ್ನು ನೋಡಿದೆ. ಕೊರಳಲ್ಲಿ ಹೊಸ ನೀಲಿ ಪಟ್ಟಿ. ನನ್ನ ಮಾತು ಕೇಳಿದರಲ್ಲ ಎಂದು ಸಮಾಧಾನವಾಯಿತು. ಕೈಯಾಡಿಸಿದೆ. ಅವಳು ಕೈಯೆತ್ತಲಿಲ್ಲ. ಏಪ್ರಿಲ್‌ನಲ್ಲಿ ಆ ಮನೆಯವರು ಟೆಕ್ಸಸ್‌ಗೆ ಹೊರಟರು. ಲಾರಿಗೆ ಸಾಮಾನು ಏರಿಸುವಾಗ, ಅಡುಗೆಯವರನ್ನು ಊರಿಗೆ ಕಳಿಸಿದಿರಾ ಎಂದು ಕೇಳಿದೆ. "ಅವ್ರೂ ಬರ್ತಾರೆ ಆಂಟಿ, ಅವ್ರಿಲ್ದೆ ನಮ್ಗೆ ಆಗುತ್ತಾ!" ಎಂದಳು. ಸಂಕ್ರಾಂತಿ ಕಳೆದು ಮೂರು ತಿಂಗಳಾಗಿತ್ತು. ಸಾವಿರಾರು ಬಸುರಿಯರ ದಿನ ಎಣಿಸಿದ ನಾನು ಆ ಒಂದು ಲೆಕ್ಕ ಹಾಕಲಿಲ್ಲ...

ಇದನ್ನೆಲ್ಲ ಆ ಭಾನುವಾರ ಮೇಜಿನ ಮುಂದೆಯೇ ಹೇಳಿದೆ. ಮಗಳು ಸ್ಟೌವ್ ಆರಿಸಿ ಬಂದು ಕುಳಿತಳು. "ಅಮ್ಮಾ, ಅದು ಪೊಲೀಸ್‌ಗೆ ಹೇಳೋ ವಿಷಯ. ನನಗ್ಯಾಕೆ ಹೇಳ್ಲಿಲ್ಲ ಆಗ?"

"ಹೇಳಿದ್ದೆ. ದಾರಿ ತಪ್ಪಿದ್ದವಳನ್ನ ಮನೆ ಸೇರಿಸಿದೆ ಅಂತ ಊಟದ ಹೊತ್ತಲ್ಲಿ ಹೇಳಿದ್ದೆ. ನೀನೂ ಹೋಳಿಗೆ ತಿಂದೆ."

ಅವಳು ತನ್ನ ಫೋನು ತೆಗೆದಳು. ಎದುರು ಮನೆಯವರ ಹಳೆಯ ನಂಬರು ಹುಡುಕಿ ಫೋನ್ ಮಾಡಿ ನೋಡಿದಳು. ಯಾರೋ ಸ್ಪ್ಯಾನಿಷ್ ಮಾತಾಡುವವರು ಎತ್ತಿಕೊಂಡರು. ಸಂಜೆಯವರೆಗೂ ಹುಡುಕಿದಳು. ಪೊಲೀಸರಿಗೆ ಹೇಳಲು ಇಂದು ನಮ್ಮ ಬಳಿ ಇರುವುದು ಖಾಲಿ ಮಾಡಿ ಹೋದ ಮನೆಯೊಂದರ ವಿಳಾಸ ಮಾತ್ರ.

ಮೊಮ್ಮಗಳು ತನ್ನ ಪ್ರಾಜೆಕ್ಟಿನ ಚಾರ್ಟನ್ನು ನನ್ನ ಕಡೆ ತಿರುಗಿಸಿದಳು. ಅದರಲ್ಲಿ ಕೆಳಗಿನ ಒಂದು ಸಾಲನ್ನು ನಿಧಾನವಾಗಿ ಕನ್ನಡಕ್ಕೆ ತಿರುಗಿಸಿ ಹೇಳಿದಳು. ಯಜಮಾನನ ಹಿಂಸೆ ತಾಳಲಾರದ ಗುಲಾಮ ದೇವಸ್ಥಾನಕ್ಕೆ ಓಡಿಹೋಗಿ ಆಶ್ರಯ ಕೇಳಬಹುದಿತ್ತಂತೆ. ಅಲ್ಲಿ ಅವನ ದೂರು ಕೇಳುತ್ತಿದ್ದರಂತೆ, ಬೇರೆ ಯಜಮಾನನಿಗೆ ಮಾರಿಸುವುದೂ ಇತ್ತಂತೆ. ಆ ರೋಮಿನಲ್ಲೂ ಒಂದು ಬಾಗಿಲು ಬಿಟ್ಟಿದ್ದರು. ಗುಡಿಗೆ ಬಸ್ಸು ಯಾವುದೆಂದು ಕೇಳಿದವಳಿಗೆ ನಾನು ಬಾಗಿಲು ಮುಚ್ಚುವ ಸಮಯ ಹೇಳಿದ್ದೆ.

"ಈ ಬಿಲ್ಲೇಲಿ ಗುಲಾಮನ ಹೆಸರು ಎಲ್ಲಿದೆ?" ಎಂದು ಕೇಳಿದೆ.

"ಇದ್ರಲ್ಲಿ ಇಲ್ಲ ಅಜ್ಜಿ. ಓನರ್ ನೇಮ್ ಮಾತ್ರ."

ಎದ್ದು ಹೋಗಿ ಬೀರುವಿನಿಂದ ನನ್ನ ಹಳೆಯ ಕಾರ್ಡು ತೆಗೆದೆ. ದಪ್ಪ ಅಕ್ಷರದಲ್ಲಿ ಮೊದಲು ನನ್ನ ಹೆಸರು, ಕೆಳಗೆ ಮಿಕ್ಕಿದ್ದೆಲ್ಲ. ಆ ಅಡುಗೆಯಾಕೆಯ ಕಾರ್ಡನ್ನು ಅಂದು ಬೆರಳಲ್ಲಿ ಹಿಡಿದು ಓದಿದ್ದೆನಲ್ಲ, ಅದೂ ನೆನಪಿದೆ. ಮನೆಯ ಯಜಮಾನರ ಹೆಸರು, ಮನೆ ನಂಬರು, ಎರಡು ಫೋನ್ ನಂಬರು.

ಮೊಮ್ಮಗಳು ಪಟ್ಟಿಯ ಹಿಂಬದಿಯ ಗಂಟು ಬಿಗಿ ಮಾಡಿಕೊಡು ಎಂದು ಕೊಟ್ಟಳು. ಈ ಮನೆಯಲ್ಲಿ ಗಂಟು ಕಟ್ಟುವುದು ಯಾವಾಗಲೂ ನಾನೇ. ಅಂದು ಆಗಲಿಲ್ಲ. ಅವಳ ಅಮ್ಮ ಕಟ್ಟಿಕೊಟ್ಟಳು.

ಮೂವತ್ತಾರು ವರ್ಷ, ವಾರ್ಡಿಗೆ ಯಾರೇ ಬರಲಿ, ನಾನು ಕೇಳುತ್ತಿದ್ದ ಮೊದಲ ಪ್ರಶ್ನೆ ಒಂದೇ. ಹೆಸರೇನಮ್ಮ? ಪ್ರಜ್ಞೆಯಿಲ್ಲದವರನ್ನೂ ಭುಜ ತಟ್ಟಿ ಕೇಳಿದ್ದೇನೆ. ಆ ಬಸ್ ಸ್ಟಾಪಿನಲ್ಲಿ ಎಚ್ಚರವಾಗಿ ನಿಂತು ನನ್ನ ಕಣ್ಣು ನೋಡಿ ಮಾತಾಡಿದವಳನ್ನು ಕೇಳಲಿಲ್ಲ. ಕಾರ್ಡಿನಲ್ಲಿ ಎಲ್ಲ ಇದೆಯಲ್ಲ ಎಂದುಕೊಂಡಿದ್ದೆ.