ಮಾದಮ್ಮ ಎತ್ತಿದ ಎರಡು ಕೈ

ಆ ವಿಡಿಯೋದಲ್ಲಿ ಮಾದಮ್ಮ ಎರಡು ಕೈ ಎತ್ತಿದ್ದು ಯೇಸುವಿಗಲ್ಲ. ಮಂಡಿನೋವಿಗೆ. ಎತ್ತಿಸಿದ್ದು ನಾನು.

ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯ ಕ್ರೈಸ್ತ ಸಭೆಗಳಲ್ಲಿ ಬಹಳ ಜನ ಆ ವಿಡಿಯೋ ನೋಡಿದ್ದೀರಿ. ಕೆಲವರು ಅದನ್ನು ನೋಡಿ ಪ್ರಾರ್ಥನೆಯನ್ನೂ ಮಾಡಿದ್ದೀರಿ. ಅದಕ್ಕೇ ನಿಮಗೂ ಹೇಳಬೇಕು. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಚೆನ್ನಾಗಿ ಬರೆಯಲು ಬರುವುದಿಲ್ಲ. ನಡೆದದ್ದು ಬರೆಯುತ್ತೇನೆ, ಅಷ್ಟೇ.

ನನ್ನ ಹೆಸರು ಅಂತೋಣಿ. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ. ಇಂಗ್ಲಿಷ್ ಕಲಿತದ್ದು ಟೆಂಪೋ ಓಡಿಸುತ್ತಾ, ಹಿಂದಿನ ಸೀಟಿನವರ ಬಾಯಿಂದ. ಆ ಟೆಂಪೋದಲ್ಲಿ ಬರುತ್ತಿದ್ದವರು ಸ್ಟೆಲ್ಲಾ ಟೀಚರಮ್ಮನ ಗುಂಪಿನವರು.

ಟೀಚರಮ್ಮ ರಿಟೈರಾದ ಮೇಲೆ ಕೊಳ್ಳೇಗಾಲದಲ್ಲಿ ಒಂದು ರೂಮು ಹಿಡಿದು ಈ ಕೆಲಸ ಶುರು ಮಾಡಿದರು. ಬೇರೆ ದೇಶಕ್ಕೆ ಸುವಾರ್ತೆ ಸೇವೆಗೆ ಹೋಗಬೇಕು ಅನ್ನುವ ನಮ್ಮ ಸಭೆಗಳ ಹುಡುಗ ಹುಡುಗಿಯರನ್ನು ತಯಾರು ಮಾಡುವುದು. ಸೇವೆ ಅಂದರೇನು ಎಂದು ನೋಡಲು ಹೊರದೇಶಗಳಿಂದ ಬರುವವರನ್ನು ಹಳ್ಳಿಗಳಿಗೆ ಕರೆದುಕೊಂಡು ಹೋಗುವುದು. ಅವರದು ಒಂದು ಕಟ್ಟುನಿಟ್ಟು ಇತ್ತು. ಬಂದವರು ಮೊದಲ ಮೂರು ದಿನ ದೇವರ ಮಾತು ಎತ್ತಬಾರದು. ಮನೆಯವರು ಕೊಟ್ಟದ್ದು ಉಣ್ಣಬೇಕು, ಅವರ ಜೊತೆ ಕಳೆ ಕೀಳಬೇಕು, ಹತ್ತು ಜನರ ಹೆಸರು ಕಲಿಯಬೇಕು. ಆಮೇಲೂ ಆ ಮನೆಯವರೇ ಕೇಳಿದರೆ ಮಾತ್ರ ಮಾತು.

"ಎಸ್ರೇ ಗೊತ್ತಿಲ್ದೋರ್ಗೆ ದೇವ್ರ್ ಇಚಾರ ಯೋಳಕ್ ಓಗ್ಬ್ಯಾಡ್ರಪ್ಪ," ಎನ್ನುತ್ತಿದ್ದರು. ಅದನ್ನು ನಾನು ಇಂಗ್ಲಿಷಿಗೆ ತಿರುಗಿಸುತ್ತಿದ್ದೆ. ತಿರುಗಿಸುವಾಗ ನನಗೆ ಆಕಳಿಕೆ ಬರುತ್ತಿತ್ತು.

ಮೂರು ವರ್ಷದ ಕೆಳಗೆ ಕೊರಿಯಾದಿಂದ ಎಂಟು ಜನ ಬಂದರು. ಐದು ದಿನ ರಾಮಾಪುರದ ಆಚೆ, ಕಾಡಂಚಿನ ಒಂದು ಊರಿನಲ್ಲಿ ಇದ್ದರು. ಒಳ್ಳೆಯ ಜನ. ಅವರೆಕಾಯಿ ಸುಲಿದರು, ರಾಗಿಮುದ್ದೆ ನುಂಗಲು ಒದ್ದಾಡಿದರು. ಆದರೆ ಅವರ ಮುಂದಾಳಿಗೆ ಒಳಗೊಳಗೇ ಬೇಸರ. ಟೆಂಪೋದಲ್ಲಿ ನನ್ನ ಪಕ್ಕ ಕೂತು ಕೇಳಿದ, "ನಮ್ಮ ಸಭೆಯವರು ಇಷ್ಟು ದೂರ ಕಳಿಸಿದ್ದಾರೆ. ಏನಾಯಿತು ಎಂದು ಕೇಳಿದರೆ ಏನು ತೋರಿಸಲಿ?" ಅವನೇ ಇನ್ನೊಂದೂ ಹೇಳಿದ. ಫಿಲಿಪ್ಪೀನ್ಸಿನಲ್ಲಿ ಅವರದೊಂದು ತರಬೇತಿ ಶಾಲೆ ಇದೆ, ಆರು ತಿಂಗಳದು. ನನ್ನಂಥವನೊಬ್ಬ ಅಲ್ಲಿಗೆ ಬಂದರೆ ಚೆನ್ನ ಎಂದ.

ಆ ಮಾತು ನನ್ನ ತಲೆಯಲ್ಲಿ ಕೂತಿತು. ವಿಮಾನ, ಸಮುದ್ರ, ನನ್ನ ಹೆಸರಿನ ಮುಂದೆ ಒಂದು— ಏನೋ ಒಂದು. ಡ್ರೈವರ್ ಅಲ್ಲದ್ದು.

ಕೊನೆಯ ದಿನ ಟೀಚರಮ್ಮ ಯಳಂದೂರಿನ ಸಭೆಗೆ ಹೋಗಿದ್ದರು. ನಾವು ಮಾದಮ್ಮನ ಮನೆಗೆ ಹೋದೆವು. ಮಾದಮ್ಮ ಗಂಡ ಸತ್ತವರು, ಮಗ ತಿರುಪೂರಿನಲ್ಲಿ ಬನಿಯನ್ ಮಿಲ್ಲಿನಲ್ಲಿ. ಮನೆಯಲ್ಲಿ ಅವರೊಬ್ಬರೇ. ಗೋಡೆಯಲ್ಲಿ ಮಾದಪ್ಪನ ಫೋಟೋ, ಹಣೆಯಲ್ಲಿ ವಿಭೂತಿ. ಐದು ದಿನದಲ್ಲಿ ಆ ಎಂಟು ಜನರಿಗೂ ಅಡ್ಡಹೆಸರು ಇಟ್ಟಿದ್ದರು.

"ಬಾರ್ಲಾ ಅಂತೋಣಿ. ನಿನ್ ಸೊಟ್ಟಮೂತಿ ತಕಂಡ್ ಬಂದ್ಯಾ? ಕುಂತ್ಕೊಳಿ ಎಲ್ರೂವೆ," ಎಂದು ಜಗಲಿಗೆ ಚಾಪೆ ಹಾಸಿದರು.

ಮುಂದಾಳು ಅವರ ಮುಂದೆ ಮಂಡಿಯೂರಿ ಕೂತ. ಒಬ್ಬಳು ಮೊಬೈಲ್ ಹಿಡಿದಳು. ಅವನು ನನಗೆ ಹೇಳಿದ, "ಯೇಸುವನ್ನು ಸ್ವೀಕರಿಸಲು ಇಷ್ಟ ಇದೆಯಾ ಕೇಳು. ಇದ್ದರೆ ಕೈ ಎತ್ತಲಿ." ಟೀಚರಮ್ಮ ಇದ್ದಿದ್ದರೆ ಆ ಮಾತು ಅಲ್ಲೇ ನಿಲ್ಲುತ್ತಿತ್ತು. ಬೇಡ ಎಂದು ನಾನೂ ಹೇಳಬಹುದಿತ್ತು. ಕೇಳಿದ್ದನ್ನೇ ನೆಟ್ಟಗೆ ಕೇಳಿಬಿಡಬಹುದಿತ್ತು. ಹಾಗೆ ಕೇಳಿದ್ದರೆ ಮಾದಮ್ಮ ನಗುತ್ತಿದ್ದರು, ನಂಗ್ಯಾಕ್ಲಾ ಅದು, ನಮ್ಮಪ್ಪ ಮಾದಪ್ಪ ಅವ್ನೆ ಎನ್ನುತ್ತಿದ್ದರು, ಮಾತು ಮುಗಿಯುತ್ತಿತ್ತು.

ನಾನು ಕೇಳಿದ್ದು ಇದು: "ಅವ್ವಾ, ಮಂಡಿನೋವು ಒಂದ್ಕಾ, ಎರಡ್ಕಾ? ಕೈ ಎತ್ತಿ ತೋರ್ಸು. ಮುಲಾಮ್ ಕೊಡ್ತಾರೆ."

ಮಾದಮ್ಮ, "ಎರಡ್ಕೂವೆ ಕಣ್ಲಾ ಮಗಾ!" ಎಂದು ಎರಡೂ ಕೈ ಮೇಲೆತ್ತಿದರು. ಬಾಯಿ ತುಂಬಾ ನಗು.

ಮುಂದಾಳು ಅತ್ತುಬಿಟ್ಟ. ನಿಜವಾಗಿ ಅತ್ತ. ಅವರಲ್ಲೊಬ್ಬಳು ನರ್ಸು— ಮುಲಾಮು ಅವಳ ಹತ್ತಿರವೇ ಇತ್ತು, ನಾನು ಹೇಳಿದ ಮೇಲೆ ಎರಡು ಟ್ಯೂಬು ಕೊಟ್ಟಳು. ಯಾಕೆ ಅಳ್ತಾವ್ನೆ ಇವ್ನು ಎಂದು ಮಾದಮ್ಮ ಕೇಳಿದರು. ನಿನ್ನ ಕಂಡ್ರೆ ಅವ್ನಿಗೆ ಅವರವ್ವನ ಗ್ಯಾಪ್ಕ ಎಂದೆ. ಅವರು ಅವನ ತಲೆ ಸವರಿದರು. ಅದೂ ವಿಡಿಯೋದಲ್ಲಿ ಇದೆ.

ಕೊರಿಯಾದವರು ಆ ವಿಡಿಯೋದಲ್ಲಿ ನಮ್ಮ ಮಾತು ತೆಗೆದು ಹಾಡು ಹಾಕಿದರು. ಕಾಡಂಚಿನ ಊರು ದೇವರ ಕಡೆ ತಿರುಗಿತು ಎಂದು ಬರೆದರು. ಹನೂರಿನ ಯಾರೋ ನೋಡಿ ಕನ್ನಡದಲ್ಲಿ ಬರೆದು ಹಂಚಿದರು. ಹದಿನೈದು ದಿನದಲ್ಲಿ ಅದು ಆ ಊರಿನ ಮೊಬೈಲುಗಳಿಗೇ ಬಂದು ಇಳಿಯಿತು.

ಆ ಬೀದಿಯ ಹೆಂಗಸರು ದೀಪಾವಳಿಗೆ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುತ್ತಾರೆ. ಮನೆಗೊಂದು ಸೇರು ಅಕ್ಕಿ ತಂದು ಒಂದೇ ಚೀಲಕ್ಕೆ ಸುರಿಯುತ್ತಾರೆ, ದಾರಿಯಲ್ಲಿ ಒಂದೇ ಪಾತ್ರೆಯಲ್ಲಿ ಬೇಯಿಸಿ ಉಣ್ಣುತ್ತಾರೆ. ಆ ವರ್ಷ ಮಾದಮ್ಮನ ಅಕ್ಕಿಯನ್ನು ಚೀಲಕ್ಕೆ ಸುರಿಯಲು ಬಿಡಲಿಲ್ಲ. ಮಂಡಿನೋವು ಎಂದು ಅವರು ಹೇಳಿದ್ದಕ್ಕೆ, "ಮಂಡಿನೋವ್ಗೆ ಯಾರಾರ ಕೈ ಎತ್ತಾರಾ? ಕಾಲೆತ್ಬೇಕಿತ್ತು," ಎಂದು ನಕ್ಕರಂತೆ.

ಊರಿನ ಯಜಮಾನ ಶಿವಣ್ಣ ಮತ್ತೊಬ್ಬರನ್ನು ಕರೆದುಕೊಂಡು ಕೊಳ್ಳೇಗಾಲದ ರೂಮಿಗೆ ಬಂದರು. ಜಗಳಕ್ಕೆ ಬಂದವರಲ್ಲ. ಚಪ್ಪಲಿ ಹೊರಗೆ ಬಿಟ್ಟು, ಟೀಚರಮ್ಮ ಕೊಟ್ಟ ನೀರು ಮುಟ್ಟದೆ ಕೂತರು.

"ಅಲ್ಲಾ ಟೀಚರಮ್ಮ, ನೀವ್ ಬಂದಾಗ ನಾವ್ ಬಾಗ್ಲಾಕಂಡಿದ್ವಾ? ಉಂಡ್ ಮನೆ ಜಂತೆ ಎಣಿಸ್ಬುಟ್ರಲ್ಲ," ಎಂದರು ಶಿವಣ್ಣ. ಆಮೇಲೆ ನನ್ನ ಕಡೆ ತಿರುಗಿದರು. "ಆ ಎಂಗ್ಸು ಮಂಡಿನೋವು ಅಂತಾಳೆ. ಏನ್ ಕೇಳ್ದೆ ಅಂತ ನಿನ್ ಬಾಯಲ್ಲೇ ಬರ್ಲಿ ಕಣಪ್ಪ."

ಫಿಲಿಪ್ಪೀನ್ಸಿಗೆ ಹೋಗಲು ನನ್ನ ವೀಸಾ ಅರ್ಜಿ ಆಗ ಹೋಗಿತ್ತು. ವೀಸಾ ಇನ್ನೂ ಬಂದಿರಲಿಲ್ಲ.

"ಅವ್ರ್ ಯೋಳಿದ್ದೇ ನಾನ್ ಕೇಳ್ದೆ ಸಾ," ಎಂದೆ.

ಅಷ್ಟೇ. ಆ ಒಂದು ಮಾತಿಗೆ ಮಾದಮ್ಮ ಊರಿನಲ್ಲಿ ಸುಳ್ಳಿಯಾದರು. ಟೀಚರಮ್ಮ ನನ್ನ ಕಡೆ ನೋಡಿದರು. ಮತ್ತೆ ಶಿವಣ್ಣನಿಗೆ ಕೈ ಮುಗಿದು, "ನಾನ್ ಅಲ್ಲಿರ್ಬೇಕಿತ್ತು. ತಪ್ಪು ನಂದು," ಎಂದರು. ಆಮೇಲೆ ಅವರು ಯಾವ ಗುಂಪನ್ನೂ ಕರೆಸಲಿಲ್ಲ. ರೂಮು ಬಿಟ್ಟು ತಮಿಳುನಾಡಿನ ದಿಂಡಿಗಲ್ಲಿಗೆ ತಂಗಿಯ ಮನೆಗೆ ಹೋದರು.

ನಾನು ಫಿಲಿಪ್ಪೀನ್ಸಿಗೆ ಹೋದೆ. ಎರಡನೇ ವಾರ ದೊಡ್ಡ ಪರದೆಯ ಮೇಲೆ ಆ ವಿಡಿಯೋ ಹಾಕಿದರು. ಮಾದಮ್ಮನ ಮುಖ ಗೋಡೆಯಷ್ಟು ದೊಡ್ಡದು. ಇವನೇ ಅಲ್ಲಿದ್ದವನು ಎಂದು ನನ್ನನ್ನು ಕರೆದು ಮೈಕು ಕೊಟ್ಟರು. ನಾನು— ಅದೇ ಸುಳ್ಳು ಹೇಳಿದೆ. ಮಾದಮ್ಮ ಕಣ್ಣೀರಿಟ್ಟರು ಎಂದೂ ಸೇರಿಸಿದೆ. ಕೇಳಿದವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅಲ್ಲಿ ಬೇರೆ ಬೇರೆ ದೇಶದ ಹುಡುಗರಿದ್ದರು, ಎಲ್ಲೆಲ್ಲಿಗೋ ಹೋಗುವವರು. ಸೇವೆ ಅಂದರೆ ಇದೇ ರೀತಿ ಎಂದು ಅವರಿಗೆ ಕಲಿಸಿದ್ದು ನಾನು.

ಊರಿಗೆ ಬಂದ ಮೇಲೆ ಎರಡು ವರ್ಷ ಸುಮ್ಮನಿದ್ದೆ. ಈ ವರ್ಷ ಟೀಚರಮ್ಮನಿಗೆ ಫೋನು ಮಾಡಿ ಎಲ್ಲ ಹೇಳಿದೆ. ಬಯ್ಯಲಿಲ್ಲ. "ಮಾದಮ್ಮಂಗ್ ಯೋಳುದ್ಯಾ?" ಎಂದು ಕೇಳಿ ಫೋನು ಇಟ್ಟರು.

ಹೋದೆ. ಮಾದಮ್ಮ ಜಗಲಿಯ ಮೇಲೆ ಹುರುಳಿ ಕೇರುತ್ತಿದ್ದರು. ಬಾರ್ಲಾ ಎನ್ನಲಿಲ್ಲ, ಚಾಪೆ ಹಾಸಲಿಲ್ಲ. ನಾನು ನಿಂತುಕೊಂಡೇ ಹೇಳಿದೆ. ಕೇರುವ ಕೈ ನಿಲ್ಲಲೇ ಇಲ್ಲ.

"ನಂಗ್ಯಾಕ್ ಯೋಳ್ತಿದ್ದೀಯೆ?" ಎಂದರು. "ನಾನ್ ಯಾಕ್ ಕೈ ಎತ್ದೆ ಅಂತ ನಂಗೊತ್ತಿಲ್ವಾ? ಗೊತ್ತಿಲ್ದೋರ್ಗೆ ಯೋಳೋಗು."

ಹೋದ ಸೋಮವಾರ ಆ ಊರಿನ ಗುಡಿಯ ಮುಂದೆ ಜನ ಸೇರಿದ್ದಾಗ ಹೇಳಿದೆ. ಶಿವಣ್ಣ ಎಲೆ ಅಡಿಕೆ ಅಗಿಯುತ್ತಾ ಪೂರ್ತಿ ಕೇಳಿದರು. "ಅವತ್ತು ನಿನ್ ಬಾಯಲ್ಲೇ ಬರ್ಲಿ ಅಂದೆ, ಬಂತು. ಇವತ್ತು ಅದೇ ಬಾಯಲ್ಲಿ ಇನ್ನೊಂದು ಬತ್ತಾ ಅದೆ. ಯಾವ್ದ ನಂಬನ್ಲಾ?"

ಹಿಂದಿನಿಂದ ಒಬ್ಬಳು, "ಮಾದಮ್ಮನೇ ಯೋಳ್ಕೊಟ್ಟು ಕಳ್ಸವ್ಳೆ ಬುಡಿ," ಎಂದಳು. ಕೆಲವರು ನಕ್ಕರು.

ಅವರ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ. ವಿಡಿಯೋ ತೆಗೆಯಿರಿ ಎಂದು ಕೊರಿಯಾದವರಿಗೆ ಬರೆದಿದ್ದೇನೆ, ಫಿಲಿಪ್ಪೀನ್ಸಿನ ಶಾಲೆಗೂ ಬರೆದಿದ್ದೇನೆ. ಈ ಸೋಮವಾರ ಮತ್ತೆ ಆ ಊರಿಗೆ ಹೋಗುತ್ತೇನೆ. ಅದರ ಮುಂದಿನ ಸೋಮವಾರವೂ. ನಂಬಿ ಎಂದು ಕೇಳುವ ಮುಖ ನನಗಿಲ್ಲ. ಹೇಳಿ ಬರುತ್ತೇನೆ: ಮಾದಮ್ಮ ಸುಳ್ಳು ಹೇಳಲಿಲ್ಲ, ಹೇಳಿದ್ದು ನಾನು.