ಕ್ಯಾಸೆಟ್ ನಿಂತರೆ ಒಲೆಗೆ ಸೌದೆ

ಬೆಳಕು ಹರಿಯುವ ಹೊತ್ತು. ಬಿಳಿಕೆರೆಯಾಚೆಯ ಹೊಲದಲ್ಲಿ, ಹೊಗೆಸೊಪ್ಪು ಬೇಯಿಸುವ ಎತ್ತರದ ಕೋಣೆಯ, ಅಂದರೆ ಬ್ಯಾರನ್ನಿನ, ಒಲೆ ಮುಂದೆ ಪುಟ್ಟಮಾದಮ್ಮ ರಾತ್ರಿಯಿಡೀ ನಿದ್ದೆಗೆಟ್ಟು ಕೂತಿದ್ದಾರೆ. ಪಕ್ಕದ ಕಲ್ಲಿನ ಮೇಲೆ ಹಳೆಯ ಟೇಪ್‌ರೆಕಾರ್ಡರ್. ಅದರಲ್ಲಿ ಗಿಟಾರು ಕಿರುಚುತ್ತಿದೆ, ಯಾರೋ ಇಂಗ್ಲಿಷಿನಲ್ಲಿ ಗಂಟಲು ಹರಿದುಕೊಳ್ಳುತ್ತಿದ್ದಾರೆ. 'ಟಕ್' ಎಂದು ಕ್ಯಾಸೆಟ್ ನಿಲ್ಲುತ್ತದೆ. ಪುಟ್ಟಮಾದಮ್ಮ ಎದ್ದು ಒಲೆಗೆ ಸೌದೆ ತುರುಕುತ್ತಾರೆ, ಕಿಂಡಿಯಲ್ಲಿ ಇಣುಕಿ ಥರ್ಮಾಮೀಟರ್ ನೋಡುತ್ತಾರೆ, ಕ್ಯಾಸೆಟ್ ಮಗುಚಿ ಹಾಕಿ ಮತ್ತೆ ಕೂರುತ್ತಾರೆ.

ಇಂಗ್ಲೆಂಡಿನ ಹಳೆಯ ರಾಕ್ ತಂಡವೊಂದರ ಆಯ್ದ ಹಾಡುಗಳ ಕ್ಯಾಸೆಟ್ ಅದು. ಹುಣಸೂರಿನ ಅಂಗಡಿಯೊಂದು ಬಾಗಿಲು ಹಾಕುವಾಗ ಯಾರಿಗೂ ಬೇಡವಾಗಿ ಉಳಿದದ್ದು ಇವರ ಪಾಲಿಗೆ ಬಂತು. ಕನ್ನಡದ ಹಾಡು ಹಾಕಿಕೊಳ್ಳಬಾರದೇ ಎಂದರೆ ನಗುತ್ತಾರೆ. "ಅರ್ಥ ಆಗೋ ಆಡು ಕೇಳ್ತಾ ಕೂತ್ರೆ ಮನ್ಸು ಎಲ್ಗೋ ಓಯ್ತದೆ, ಕಣ್ಣು ಎಳೀತದೆ. ಈ ಗಲಾಟೇಲಿ ಯಾರ್ ಮನೀಕತಾರೆ ಯೋಳಿ?"

ಕಡ್ಡಿಗೆ ಸೊಪ್ಪು ಕಟ್ಟುವುದು, ವಿಂಗಡಿಸುವುದು ಹೆಂಗಸರ ಪಾಲು; ಬೆಂಕಿ ಗಂಡಸರದು. ಗಂಡ ಸೊಂಟ ಮುರಿದುಕೊಂಡು ಮಲಗಿದ ವರ್ಷ ಅವರ ಜಾಗದಲ್ಲಿ ಕೂತ ಪುಟ್ಟಮಾದಮ್ಮ ಇನ್ನೂ ಎದ್ದಿಲ್ಲ.

ಈ ಸಲ ಆ ಜಾಗವೇ ಕೈತಪ್ಪುವುದರಲ್ಲಿತ್ತು. ಒಂದು ಸಲ ಸೊಪ್ಪು ತುಂಬಿ ಬೇಯಿಸುವ ಸುತ್ತಿಗೂ ಇಲ್ಲಿ ಬ್ಯಾರನ್ ಎಂದೇ ಹೆಸರು; ಮೊದಲ ಸುತ್ತಿನಲ್ಲೇ ಟೇಪು ಸಿಕ್ಕಿಕೊಂಡು ಹರಿಯಿತು. ಬ್ಯಾರನ್ ಮಾಲೀಕ ವಿರೂಪಾಕ್ಷ ಅವರ ಮಗಳು ಅನುಶ್ರೀ ಅದೇ ಹಾಡುಗಳನ್ನು ಮೊಬೈಲಿನಲ್ಲಿ ಹುಡುಕಿ ಹಾಕಿಕೊಟ್ಟಳು. ಮೊಬೈಲಿಗೆ ನಿಲ್ಲುವುದು ಗೊತ್ತಿಲ್ಲ. ಮುಗಿದ ಹಾಡೇ ಮತ್ತೆ ಶುರುವಾಯಿತು. ಪುಟ್ಟಮಾದಮ್ಮ 'ಟಕ್' ಎನ್ನಲೆಂದು ಕಾದೇ ಕಾದರು. ಒಲೆ ಆರುತ್ತ ಬಂತು, ಕಾವು ಸಾಲದೆ ಸೊಪ್ಪು ಕಪ್ಪಿಟ್ಟಿತು.

"ತಪ್ಪು ನಂದೇ ಕಣಪ್ಪ. ಕಿವಿ ನಂಬ್ಕಂಡು ಕಣ್ಣ ಬುಟ್ಬುಟ್ಟೆ" ಎಂದು ಅವರು ವಿರೂಪಾಕ್ಷರಿಗೆ ಒಪ್ಪಿಸಿದರು.

"ಇನ್ನೊಂದ್ ಸಲ ನೋಡಾನ ಕಣಕ್ಕ. ಇಂಗೇ ಆದ್ರೆ ಬೇರೇರ್ನ ಕರೀಬೇಕಾಯ್ತದೆ" ಎಂದರು ವಿರೂಪಾಕ್ಷ.

ಅನುಶ್ರೀಗೆ ಜೀವ ಹಿಡಿಯಷ್ಟಾಯಿತು. ಹರಿದ ತುದಿಗಳನ್ನು ಸೆಲೋಟೇಪಿನಲ್ಲಿ ಕೂಡಿಸಿ, ಕ್ಯಾಸೆಟ್ಟಿಗೆ ಮರುಜೀವ ಕೊಟ್ಟಳು. ಒಂದು ಹಾಡು ನಡುವೆ ಎಗರುತ್ತದೆ, ಅಷ್ಟೇ.

ಮೇಲೆ ಹೇಳಿದ ಬೆಳಗು ಆ ಎರಡನೆಯ ಸುತ್ತಿನ ಕೊನೆಯದು. ಒಲೆ ಆರಿಸಿ, ತಣಿಯಲು ಬಿಟ್ಟು, ಮರುದಿನ ಬಾಗಿಲು ತೆಗೆದರೆ ಸೊಪ್ಪೆಲ್ಲ ಮಾಗಿದ ನಿಂಬೆಹಣ್ಣಿನ ಬಣ್ಣ. ವಿರೂಪಾಕ್ಷ ಒಂದೆಲೆ ಮೂಸಿ ನೋಡಿ, "ಮುಂದಿನ್ ಬ್ಯಾರನ್‌ಗೂ ಸೌದೆ ಇಳಿಸ್ತೀನಿ ಕಣಕ್ಕ" ಎಂದು ಹೊರಟರು. ಪುಟ್ಟಮಾದಮ್ಮನವರ ಕಣ್ಣು ತುಂಬಿತು. ಹೊಗೆ ಎಂದು ಸೆರಗಿನಲ್ಲಿ ಒರೆಸಿಕೊಂಡರು; ಒಲೆ ಆರಿ ಆಗಲೇ ಒಂದು ದಿನವಾಗಿತ್ತು.

ಆ ಹಾಡುಗಳ ಅರ್ಥ ಹೇಳಲೇ ಎಂದು ಅನುಶ್ರೀ ಕೇಳುತ್ತಾಳೆ.

"ಈಗ್ ಬ್ಯಾಡ ಕಣವ್ವ. ಕೊನೇ ಬ್ಯಾರನ್ ಇಳೀಲಿ. ಆಮೇಕೆ ಯೋಳು, ಕೇಳ್ಕಂಡು ಒಂದು ನಿದ್ದೆ ಮಾಡ್ತೀನಿ."