ಹುಲ್ಲಿನ ಹೊರೆ ಹೊತ್ತ ಹೆಂಗಸು

ತೈಲವರ್ಣದಲ್ಲಿ ಹಳ್ಳಿಯ ಬದುಕನ್ನು ಚಿತ್ರಿಸಿದವರು ಬಹಳ ಮಂದಿ. ಆದರೆ ಕುಂಚವನ್ನು ಒಮ್ಮೆ ಎಳೆದು ಒಂದಿಡೀ ಸಂಸಾರದ ಕಥೆ ಹೇಳಬಲ್ಲವರು, ನಾನು ಕಂಡಂತೆ, ನಮ್ಮ ಮೇಷ್ಟ್ರು ಒಬ್ಬರೇ. ಈ ತಿಂಗಳು ಅವರು ಚಿತ್ರಕಲಾ ಶಾಲೆಯಿಂದ ನಿವೃತ್ತರಾಗುತ್ತಿದ್ದಾರೆ. ಸಂಪಾದಕರು ಸಂತೋಷದ ಲೇಖನ ಬೇಕೆಂದರು. ಎಲ್ಲಿಂದ ತರಲಿ ಸ್ವಾಮಿ?

ನಾನು ಅವರ ವಿದ್ಯಾರ್ಥಿಯಾಗಿದ್ದಾಗ, ನನ್ನ ಬಣ್ಣ ಮುಗಿದಾಗಲೆಲ್ಲ "ಇದರ ಮುಚ್ಚಳ ಕಚ್ಕೊಂಡಿದೆ, ನನ್ನ ಕೈಲಾಗಲ್ಲ, ನೀನೇ ಇಟ್ಕೋ" ಎಂದು ತಮ್ಮ ಟ್ಯೂಬನ್ನೇ ಕೊಡುತ್ತಿದ್ದರು. ಒಂದು ಮುಚ್ಚಳವೂ ಕಚ್ಚಿಕೊಂಡಿರುತ್ತಿರಲಿಲ್ಲ. ಮುಂಗೋಪವೂ ಕಡಿಮೆಯಿರಲಿಲ್ಲ. ಕೆಳಗಿನ ಪದರ ಒಣಗುವ ಮೊದಲೇ ಮೇಲೆ ಬೇಗ ಒಣಗುವ ತೆಳು ಬಣ್ಣ ಹಚ್ಚಿದವರಿಗೆ ಮಂಗಳಾರತಿಯೇ: "ಏನೋ ಅವಸರ? ನಾಳೆ ಬಿರುಕು ಬಿಟ್ರೆ ನಿಮ್ಮಪ್ಪ ಬಂದು ಅಂಟಿಸ್ತಾನಾ?"

ಶಾಲೆಯ ಹಜಾರದಲ್ಲಿರುವ ಅವರ ದೊಡ್ಡ ಚಿತ್ರ ಕೊಯ್ಲು ಮುಗಿದ ಹೊಲದ್ದು. ಒಣ ಕುಂಚವನ್ನು ಒರಟಾಗಿ ಎಳೆದು ಮೂಡಿಸಿದ ಕೂಳೆ, ದಪ್ಪ ಬಣ್ಣದಲ್ಲಿ ಉಬ್ಬಿ ನಿಂತ ಎತ್ತಿನ ಬೆನ್ನು, ತೆನೆ ಆಯುವ ಊರವರು, ಬದುವಿನ ಮೇಲೆ ಹುಲ್ಲಿನ ಹೊರೆ ಹೊತ್ತು ಮರಳುವ ಹೆಂಗಸು. ಅವಳ ಮುಖ ಕಾಣದು. ಕತ್ತಿನಿಂದ ಹೆಗಲಿಗಿಳಿದ ಒಂದೇ ಗೀಟಿನಲ್ಲಿ ದಣಿವೂ ಮನೆ ಸೇರುವ ಆತುರವೂ ಇವೆ. ಆಕೆ ಮೇಷ್ಟ್ರ ಹೆಂಡತಿ, ನಮಗೆಲ್ಲ ಅಮ್ಮ. ಕಾಯಿಲೆ ಬಲಿತಾಗ, "ಊರವರನ್ನೆಲ್ಲ ಬರೆದ್ರಿ, ನಾನೆಲ್ಲಿ ಹಾಳಾಗಿ ಹೋದೆ?" ಎಂದು ನಕ್ಕರಂತೆ. ಹೊಲದ ಬಣ್ಣ ಇನ್ನೂ ಹಸಿಯಾಗಿತ್ತು; ತಿಂಗಳುಗಟ್ಟಲೆ ಹಿಡಿದು ಅದು ಒಣಗುವವರೆಗೆ ಅಮ್ಮ ಉಳಿಯುವುದಿಲ್ಲವೆಂದು ವೈದ್ಯರು ಹೇಳಿಯಾಗಿತ್ತು. ಜೀವನವಿಡೀ ಬೈದ ತಪ್ಪನ್ನು ಮೇಷ್ಟ್ರು ತಿಳಿದೂ ತಿಳಿದೂ ಮಾಡಿ, ಹಸಿ ಬಣ್ಣದ ಮೇಲೆಯೇ ಅಮ್ಮನನ್ನು ಬರೆದರು. ಅಮ್ಮ ನೋಡಿದರು. "ಹೊರೆ ಸ್ವಲ್ಪ ಹಗುರ ಮಾಡಬಾರ್ದಿತ್ತಾ?" ಎಂದರಂತೆ.

ಈಗ ಆ ಚಿತ್ರದಲ್ಲಿ ಎಲ್ಲರೂ ಕ್ಷೇಮ, ಅಮ್ಮನೊಬ್ಬರೇ ಬಿರಿಯುತ್ತಿದ್ದಾರೆ. ಈ ವರ್ಷ ಹೆಗಲಿನ ಗೀಟೂ ಉದುರತೊಡಗಿತು. ಅದೇ ಶಾಲೆಯಲ್ಲಿ ಹಳೆಯ ಚಿತ್ರಗಳ ದುರಸ್ತಿ ನನ್ನ ಕೆಲಸ. ನನ್ನ ವಿದ್ಯೆಯೆಲ್ಲ ಇಲ್ಲಿ ದಂಡವಾಯಿತು. ಉಳಿದದ್ದು ಹೊಸದಾಗಿ ಬರೆಯುವ ದಾರಿ, ಮೇಷ್ಟ್ರ ಕೈಯೋ ನಡುಗುತ್ತದೆ. ನಾನೇ ಬರೆಯಲೇ ಎಂದು ಕೇಳಿದೆ. "ಬೇಡಪ್ಪ. ನೀನು ಚೆನ್ನಾಗೇ ಬರೀತೀಯ. ಆದ್ರೆ ಅದು ಅವಳಾಗಲ್ಲ" ಎಂದರು. ದಿನವೂ ಬೆಳಿಗ್ಗೆ ಕಸ ಗುಡಿಸುವಾಕೆಗಿಂತ ಮೊದಲೇ ಬಂದು, ಚೌಕಟ್ಟಿನ ಕೆಳಗೆ ಬಿದ್ದ ಚೂರುಗಳನ್ನು ಒದ್ದೆ ಬೆರಳಿನಿಂದ ಎತ್ತಿಕೊಳ್ಳುತ್ತಾರೆ. ನೋಡಲಾಗುವುದಿಲ್ಲ.

ಇಂಥ ಲೇಖನದ ಕೊನೆಗೆ ದೀರ್ಘಾಯುಷ್ಯ ಕೋರಬೇಕು. ಯಾವ ಬಾಯಲ್ಲಿ ಕೋರಲಿ? ಬಾಳಿದಷ್ಟೂ ಅವರು ಅಮ್ಮ ಮತ್ತೊಮ್ಮೆ ಹೋಗುವುದನ್ನು ನೋಡಬೇಕು. ಆದರೂ ಕೋರುತ್ತೇನೆ. ಬಹುಕಾಲ ಬಾಳಿ ಮೇಷ್ಟ್ರೇ, ನಡುಗುವ ಕೈಯಲ್ಲೇ ಕುಂಚ ಹಿಡಿಯಿರಿ. ಹಜಾರದ ಬಾಗಿಲು ಬೆಳಿಗ್ಗೆ ನಾನು ತೆಗೆದಿರುತ್ತೇನೆ. ನೀವು ಬರುವವರೆಗೆ ಗುಡಿಸಬೇಡವೆಂದು ಕಸ ಗುಡಿಸುವಾಕೆಗೂ ಹೇಳಿಟ್ಟಿದ್ದೇನೆ.